ಪತ್ತಾರರ ಕಾರಿನ ಬಲಗಡೆಯ ಟ್ವೀಟರ್

ನಾನು ಒಂದು ಟ್ವೀಟರ್. ಕಾರಿನಲ್ಲಿ ಹಾಡು ಹಚ್ಚಿದಾಗ ತಾಳದ ಕಿಣಿಕಿಣಿ, ಕೊಳಲಿನ ಉಸಿರು, ಹಾಡುವವರ ಬಾಯಿಂದ ಹೊರಡುವ ‘ಸ’, ‘ಶ’ಗಳ ಅಂಚು, ಇವೆಲ್ಲ ಕೇಳಿಸುವುದು ನನ್ನಂಥ ಪುಟ್ಟ ಸ್ಪೀಕರುಗಳಿಂದ. ಡೋಲಿನ ಗುಡುಗನ್ನು ಹೊರುವ ದೊಡ್ಡ ಸ್ಪೀಕರುಗಳು ಬಾಗಿಲಿನಲ್ಲಿ, ಡಿಕ್ಕಿಯಲ್ಲಿ ಕೂರುತ್ತವೆ. ನನಗೆ ಬೇಕಾದದ್ದು ಒಂದು ದೊಡ್ಡ ಗುಂಡಿಯಷ್ಟು ಜಾಗ.

ಬೆಂಗಳೂರಿನ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನನ್ನ ಎದೆಯ ಮೇಲಿರುವ ಉಬ್ಬು ರೇಷ್ಮೆ ಬಟ್ಟೆಯದು. ಅದಕ್ಕೆ ಅಂಟು ಬಳಿದು, ಅಚ್ಚಿನಲ್ಲಿ ಒತ್ತಿ, ಕೂದಲೆಳೆಯಂಥ ತಂತಿಯ ಸುರುಳಿಗೆ ಕೂಡಿಸಿದರು. ಹಿಂದೆ ಒಂದು ಅಯಸ್ಕಾಂತ. ನಮ್ಮನ್ನು ಒಬ್ಬೊಬ್ಬರನ್ನೇ ಹಾಡಿಸಿ ನೋಡಿದ ಹೆಂಗಸು ನನ್ನ ದನಿಗೆ ತೀರ ಹತ್ತಿರದ ದನಿಯಿದ್ದ ಇನ್ನೊಂದು ಟ್ವೀಟರನ್ನು ಹುಡುಕಿ ಜೋಡಿ ಮಾಡಿದಳು. ಒಂದೇ ಡಬ್ಬಿಯಲ್ಲಿ ಇಬ್ಬರೂ ಹುಬ್ಬಳ್ಳಿಗೆ ಹೊರಟೆವು.

ಗೋಕುಲ ರಸ್ತೆಯಲ್ಲಿ ಮಹಾರುದ್ರ ಪತ್ತಾರರ ಅಂಗಡಿಯಿತ್ತು. ಅವರ ಮನೆತನದವರು ಬಂಗಾರದ ಕೆಲಸ ಮಾಡುತ್ತಿದ್ದವರು. ಪತ್ತಾರರು ಅದನ್ನು ಬಿಟ್ಟು ಕಾರುಗಳಿಗೆ ಸ್ಪೀಕರು ಕೂಡಿಸುವ ಉದ್ಯೋಗ ಹಿಡಿದಿದ್ದರು. ಕೈ ಮಾತ್ರ ಅಕ್ಕಸಾಲಿಗರದೇ. ನಮ್ಮಿಬ್ಬರನ್ನು ಅವರು ಯಾರಿಗೂ ಮಾರಲಿಲ್ಲ. ಗಿರಾಕಿಗಳಿಗೆ ಕೇಳಿಸಿ ತೋರಿಸಲೆಂದು ಇಟ್ಟುಕೊಂಡಿದ್ದ ತಮ್ಮ ಬಿಳಿ ಕಾರಿನಲ್ಲೇ ನಮಗೆ ಜಾಗ ಕೊಟ್ಟರು.

ಆ ಕಾರನ್ನು ಅವರು ಎಷ್ಟು ಪ್ರೀತಿಯಿಂದ ಕಟ್ಟಿದರೆಂದರೆ, ಅಂಗಡಿಗೆ ಬಂದವರು ಚಹಾ ಆರುವುದನ್ನೂ ಮರೆತು ನಿಂತು ನೋಡುತ್ತಿದ್ದರು. ಬಾಗಿಲುಗಳನ್ನು ಬಿಚ್ಚಿ, ತಗಡು ನಡುಗದಂತೆ ಒಳಗೆಲ್ಲ ದಪ್ಪ ರಬ್ಬರಿನ ಹಾಳೆ ಅಂಟಿಸಿದರು. ಮುಂದಿನ ಗಾಜಿನ ಎರಡೂ ಬದಿಯ ಕಂಬಗಳ ಮೇಲೆ ಪುಟ್ಟಿ ಮೆತ್ತಿ ಗೂಡು ಮಾಡಿ, ಉಜ್ಜಿ, ಬಟ್ಟೆ ಹೊದಿಸಿ ನಮ್ಮನ್ನು ಕೂಡಿಸಿದರು. ನನಗೆ ಬಲಗಡೆ, ಚಾಲಕನ ಪಕ್ಕ. ಜೊತೆಗಾರನಿಗೆ ಎಡಗಡೆ. ನಾನು ಕಿವಿಗೆ ಹತ್ತಿರ, ಅವನು ದೂರ. ಹಾಗೇ ಬಿಟ್ಟರೆ ಎಲ್ಲ ಹಾಡೂ ನನ್ನ ಕಡೆಯಿಂದಲೇ ಬಂದಂತೆ ಕೇಳಿಸುತ್ತದೆ. ಅದಕ್ಕಾಗಿ ಪತ್ತಾರರು ಒಂದು ಯಂತ್ರದಿಂದ ನನ್ನನ್ನು ಒಂದಿಷ್ಟು ತಡೆದು ಹಾಡಿಸಿದರು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಚಿಕ್ಕ ತಡ ಅದು. ಆಗ ಇಬ್ಬರ ದನಿಯೂ ಒಟ್ಟಿಗೆ ಕಿವಿ ಮುಟ್ಟುತ್ತದೆ.

ಎಲ್ಲ ಮುಗಿದ ಮಧ್ಯಾಹ್ನ ಅವರು ಹೆಂಡತಿ ಸುಲೋಚನಾ ಅವರನ್ನು ಕರೆದು ಚಾಲಕನ ಸೀಟಿನಲ್ಲಿ ಕೂಡಿಸಿದರು. ಆಕೆ ಗದಗಿನ ಹಾರ್ಮೋನಿಯಂ ರಿಪೇರಿಯವರ ಮಗಳು. ಮದುವೆಗೆ ಮುಂಚೆ ತಂದೆಯ ಪಕ್ಕ ಕುಳಿತು ಹಾರ್ಮೋನಿಯಂ ಸ್ವರಗಳ ಹಿತ್ತಾಳೆ ಪಟ್ಟಿಗಳನ್ನು ಅರದಿಂದ ಕೆರೆದು ಶ್ರುತಿಗೆ ತರುತ್ತಿದ್ದವರು. ಹಾಡು ಶುರುವಾದಾಗ ಆಕೆ ಎರಡೂ ಬದಿಗೆ ತಿರುಗಿ ನೋಡಿ, ಆಮೇಲೆ ಎದುರಿಗೇ ದಿಟ್ಟಿಸಿದರು.

“ಅಯ್ಯ, ಹಾಡಾಕಿ ಗಾಜಿನ ಮುಂದ ಕುಂತಂಗ ಐತ್ರಿ!”

ಪತ್ತಾರರು ಹುಡುಗರ ಹಾಗೆ ನಕ್ಕರು. “ಅಷ್ಟ ಬೇಕಾಗಿತ್ತು ನನಗ.”

ಕೆಲವು ವರ್ಷ ಸುಖವಾಗಿ ಕಳೆದವು. ಧಾರವಾಡದಿಂದ, ದಾವಣಗೆರೆಯಿಂದ ಜನ ಬರುತ್ತಿದ್ದರು. “ಪತ್ತಾರ ಅವರ ಕಿವಿ ಅಂದ್ರ ಕಿವಿ” ಎನ್ನುತ್ತಿದ್ದರು. ದನಿ ಅಳೆಯುವ ಮೈಕು ತನ್ನಿ ಎಂದು ಯಾರಾದರೂ ಹೇಳಿದರೆ ಅವರು ಕೈ ಬೀಸಿಬಿಡುತ್ತಿದ್ದರು. “ಮೈಕಿಗೆ ಹಾಡು ತಿಳಿತೈತೇನ್ರಿ?”

ಆದರೆ ಅಂಗಡಿಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಿದ್ದರು. ಅವರಿಗೆ ಹಾಡು ಬೇಡ, ಎದೆ ನಡುಗಿಸುವ ಗದ್ದಲ ಬೇಕು. ಡಿಕ್ಕಿ ತುಂಬ ಸ್ಪೀಕರು, ಕಿಟಕಿ ಕಿತ್ತುಬರುವಷ್ಟು ಸದ್ದು. ಅಂಗಡಿ ನಡೆಯುತ್ತಿದ್ದದ್ದು ಹೆಚ್ಚಾಗಿ ಅವರಿಂದಲೇ. ಆ ಕಾರುಗಳ ಬಾಗಿಲು ಮುಚ್ಚಿಕೊಂಡು ಪತ್ತಾರರು ಒಳಗೆ ಕೂರುತ್ತಿದ್ದರು. ಕಿವಿಗೆ ಅರಳೆ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ. ಹೊರಗೆ ಬಂದಾಗ ಕೆಲ ಹೊತ್ತು ತಲೆ ಒಂದು ಬದಿಗೆ ವಾಲಿಸಿ ನಿಲ್ಲುತ್ತಿದ್ದರು, ಆಮೇಲೆ ಕೆಲಸಕ್ಕೆ ಹತ್ತುತ್ತಿದ್ದರು.

ಬದಲಾವಣೆ ನನಗೆ ಮೊದಲು ತಿಳಿದದ್ದು ನನ್ನ ತಂತಿಯ ಬಿಸಿಯಿಂದ. ಒಂದು ದಿನ ಅವರು ನನ್ನ ದನಿಯನ್ನು ಒಂದು ಗೆರೆ ಏರಿಸಿದರು. ಕೆಲವು ತಿಂಗಳ ಮೇಲೆ ಇನ್ನೊಂದು. ಹಾಡಿನೊಳಗೆ ಎಳೆಯಾಗಿ ಸೇರಿಕೊಂಡಿರಬೇಕಾದ ನಾನು ಎಲ್ಲರ ತಲೆಯ ಮೇಲೆ ಹತ್ತಿ ಕೂಗತೊಡಗಿದೆ. “ಟ್ವೀಟರ್ ಮಂದ ಆಗ್ಯಾವ” ಎಂದು ಪತ್ತಾರರು ನಮ್ಮನ್ನು ಒರೆಸಿ ಕೂಡಿಸಿದರು. ಅವರ ಹತ್ತಿರ ಕೆಳಗಿನ ಸ್ವರದಿಂದ ಹಿಡಿದು ತೀರ ಮೇಲಿನ ಸ್ವರದವರೆಗೆ ಏರುತ್ತ ಹೋಗುವ ಪರೀಕ್ಷೆಯ ಸಿ.ಡಿ. ಇತ್ತು. ಅದನ್ನು ಹಾಕಿ, ನಾವು ಇನ್ನೂ ನುಡಿಯುತ್ತಿರುವಾಗಲೇ ತೆಗೆದರು. “ಕಡೀಕ ಕೆಟ್ಟೈತಿ ಇದು” ಎಂದು ಡ್ಯಾಷ್‌ಬೋರ್ಡಿನ ಖಾನೆಯೊಳಗೆ ಎಸೆದರು.

ಗಿರಾಕಿಗಳು ಕಡಿಮೆಯಾದರು. ಕಾಲೇಜಿನಲ್ಲಿ ಪಾಠ ಹೇಳುವ ಶೈಲಜಾ ಹಂಚಿನಾಳ ಎಂಬುವವರು ತಮ್ಮ ಹೊಸ ಕಾರಿಗೆ ಇಲ್ಲೇ ಸ್ಪೀಕರು ಹಾಕಿಸಿಕೊಂಡಿದ್ದರು. ವಾರ ಕಳೆಯುವುದರೊಳಗೆ ತಿರುಗಿ ಬಂದರು.

“ಪತ್ತಾರ ಅವರ, ಕಾಲೇಜ್ ಮುಟ್ಟೂದ್ರಾಗ ತಲೀ ನೋಯತೈತ್ರಿ.”

“ನಿಮಗ ಒಳ್ಳೆ ಸೌಂಡ್ ರೂಢಿ ಇಲ್ಲ ಮೇಡಂ. ಸ್ವಲ್ಪ ದಿನ ಕೇಳ್ರಿ.”

ಆಕೆ ಕಾರು ತಿರುಗಿಸಿಕೊಂಡು ಹೊರಟುಹೋದರು. ಒಳಗೆ ತಂತಿ ಸುತ್ತುತ್ತಿದ್ದ ಸುಲೋಚನಾ ತಲೆಯೆತ್ತಿ ಗಂಡನನ್ನು ನೋಡಿ, ಮತ್ತೆ ತಂತಿಯ ಕಡೆ ಬಗ್ಗಿದರು.

ಆ ಚಳಿಗಾಲ ಬೆಳಗಾವಿಯಲ್ಲಿ ಕಾರ್ ಆಡಿಯೋ ಸ್ಪರ್ಧೆ ನಡೆಯಿತು. ಮೈದಾನದಲ್ಲಿ ಕಾರುಗಳ ಸಾಲು. ಎಲ್ಲ ಕಾರಿಗೂ ಅವೇ ಹಾಡುಗಳು, ಎಂಜಿನ್ ಬಂದ್, ಬಾಗಿಲು ಬಂದ್. ತೀರ್ಪುಗಾರರು ಚಾಲಕನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚುತ್ತಾರೆ. ಹಾಡುವವರು ನಡುಮಧ್ಯ ನಿಂತಿದ್ದಾರೆಯೇ, ತಬಲಾ ಅವರ ಹಿಂದಿದೆಯೇ, ತಂತಿವಾದ್ಯ ಯಾವ ಕೈಗಿದೆ ಎಂದು ಒಂದೊಂದನ್ನೇ ಗುರುತಿಸುತ್ತಾರೆ. ನಮ್ಮ ಕಾರಿಗೆ ಬಂದವರು ಬೆಂಗಳೂರಿನ ಶ್ರೀವತ್ಸ ಕಡಂಬಿ ಎಂಬ ಸಪೂರ ಮನುಷ್ಯ. ನನ್ನ ಪಕ್ಕದಲ್ಲೇ ಅವರ ಕಿವಿ. ಮೊದಲ ಹಾಡು ಶುರುವಾದಾಗ ಅವರ ಮುಖ ಅರಳಿತು. ನಾನು ಬಾಯಿ ತೆರೆಯುತ್ತಿದ್ದಂತೆ ಹುಬ್ಬು ಗಂಟಾಯಿತು. ಕೊನೆಯ ಹಾಡಿನ ಹೊತ್ತಿಗೆ ಅವರು ತಲೆಯನ್ನು ನನ್ನಿಂದ ದೂರ ಸರಿಸಿಕೊಂಡಿದ್ದರು.

ಹೊರಗೆ ಬಂದು ಮೆತ್ತಗೆ ಹೇಳಿದರು: “ಪತ್ತಾರ್ ಅವ್ರೇ, ಹಾಡೋರು ಎಷ್ಟು ಚೆನ್ನಾಗಿ ಎದುರಿಗೆ ನಿಂತಿದ್ರು! ಆದ್ರೆ ಮೇಲಿನ ಸ್ವರ ತುಂಬಾ ಚುಚ್ಚುತ್ತೆ. ಪೂರ್ತಿ ಕೇಳೋಕೆ ಕಷ್ಟ ಆಯ್ತು.”

ಪತ್ತಾರರ ಮುಖ ಕೆಂಪಾಯಿತು. “ಮುಂಜಾನಿಂದ ಇಷ್ಟು ಕಾರ್ ಕೇಳೀರಿ ಸಾಹೇಬ್ರ. ನಿಮ್ಮ ಕಿವಿ ದಣದಾವ.”

“ಇರಬಹುದು. ಅದಕ್ಕೇ ಇಬ್ರು ಕೇಳ್ತೀವಿ. ಇನ್ನೊಬ್ರೂ ಇದನ್ನೇ ಹೇಳಿದ್ರು.”

ಫಲಿತಾಂಶ ಹೇಳುವವರೆಗೂ ಪತ್ತಾರರು ನಿಲ್ಲಲಿಲ್ಲ. ಹುಬ್ಬಳ್ಳಿಯ ದಾರಿ ಹಿಡಿದರು. ಕಿತ್ತೂರು ದಾಟಿದ ಮೇಲೆ ಒಂದು ಆಲದ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯನ್ನು ಕೇಳಿದರು.

“ನೀ ಹೇಳು. ಚುಚ್ಚತೈತೇನು?”

ಸುಲೋಚನಾ ಖಾನೆಯಲ್ಲಿ ತಡಕಿ ಆ ಸಿ.ಡಿ. ತೆಗೆದು ಹಾಕಿದರು. “ಸ್ವರ ಕೇಳಸೂತನಕ ಬೆರಳು ಎತ್ತಿ ಹಿಡೀರಿ.”

ಪತ್ತಾರರು ಬೆರಳೆತ್ತಿದರು. ಡಿಕ್ಕಿಯ ದೊಡ್ಡ ಸ್ಪೀಕರು ಗುನುಗಿತು, ಬಾಗಿಲಿನವು ಮುಂದುವರಿಸಿದವು, ಆಮೇಲೆ ಸರದಿ ನಮ್ಮದಾಯಿತು. ಸ್ವರ ಏರುತ್ತ ಹೋಯಿತು. ನಾವು ಇನ್ನೂ ಅರ್ಧ ದಾರಿಯಲ್ಲಿದ್ದೆವು. ಅವರ ಬೆರಳು ಕೆಳಗಿಳಿಯಿತು.

“ಮುಗೀತು ನೋಡು. ಹೇಳಿದ್ನಲ್ಲ, ಕಡೀಕ ಕೆಟ್ಟೈತಿ.”

“ಮುಗದಿಲ್ಲರಿ. ಇನ್ನೂ ನುಡ್ಯಾಕತ್ತಾವ.”

ಅವರು ನನ್ನ ಕಡೆ ತಿರುಗಿದರು. ಬಹಳ ಹತ್ತಿರಕ್ಕೆ ಬಂದು ಕಿವಿಯಿಟ್ಟರು. ನಾನು ನನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ನುಡಿಯುತ್ತಿದ್ದೆ. ಅವರ ಮುಖದಲ್ಲಿ ಏನೂ ಮೂಡಲಿಲ್ಲ. ನನ್ನನ್ನು ಆ ಗೂಡಿನಲ್ಲಿ ಕೂಡಿಸಿದ ಮನುಷ್ಯನಿಗೆ ನಾನು ಕೇಳಿಸುತ್ತಿರಲಿಲ್ಲ.

“ಯಾವಾಗಿಂದ ಗೊತ್ತೈತಿ ನಿನಗ?”

“ಎರಡು ವರ್ಷ ಆಗಿರಬೇಕ್ರಿ. ಗ್ವಾಡಿ ಮ್ಯಾಲ ಹಲ್ಲಿ ನುಡದ್ರ ನಿಮಗ ಕೇಳಸತಿರಲಿಲ್ಲ.”

“ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ? ಊರ ಮಂದಿ ಎಲ್ಲಾ ನಿಮ್ಮ ಕಿವೀನ ಹೊಗಳತಿದ್ರು.”

ಮನೆ ಮುಟ್ಟುವವರೆಗೆ ಕಾರಿನಲ್ಲಿ ಹಾಡಿರಲಿಲ್ಲ.

ಕಿವಿಯ ಡಾಕ್ಟರರು ಹೋದದ್ದು ಮರಳಿ ಬರುವುದಿಲ್ಲ ಎಂದರಂತೆ. ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರಂತೆ. ಪತ್ತಾರರು ಅಂಗಡಿಗೆ ಬರುವುದನ್ನೇ ಬಿಟ್ಟರು. ಷಟರು ಇಳಿಸಿದ ಅಂಗಡಿಯೊಳಗೆ ನಾನು ಧೂಳು ತಿನ್ನುತ್ತ ಕುಳಿತೆ.

ಒಂದು ಬೆಳಿಗ್ಗೆ ಷಟರು ಮೇಲೆದ್ದಿತು. ಸುಲೋಚನಾ ಕಸ ಹೊಡೆದು, ನನ್ನ ಮೇಲಿನ ಧೂಳನ್ನು ಹಗುರಾಗಿ ಊದಿ, ಚಾಲಕನ ಸೀಟಿನಲ್ಲಿ ಕುಳಿತು ಗಂಡನಿಗೆ ಫೋನ್ ಮಾಡಿದರು. “ನಾಳೆ ಶೈಲಜಾ ಮೇಡಂ ಕಾರ್ ತರ್ತಾರ, ನಾನ ಕರದೀನಿ. ನನಗ ಕಿವಿ ಅದಾವ, ಏನು ತಿರುವಬೇಕು ಗೊತ್ತಿಲ್ಲ. ನೀವು ಬರ್ರಿ.”

ಪತ್ತಾರರು ಬಂದರು, ಆದರೆ ಸಿಟ್ಟಿನಿಂದಲೇ ಬಂದರು. ಮೊದಲ ಪಾಠ ನಡೆದದ್ದು ನಮ್ಮ ಕಾರಿನ ಮೇಲೆ. ಸುಲೋಚನಾ ಅವರಿಗೆ ಈ ಉದ್ಯೋಗದ ಮಾತು ಬರುತ್ತಿರಲಿಲ್ಲ. “ಹಲ್ಲಿನಾಗ ಉಸುಕು ಸಿಕ್ಕಂಗ ಆಗತೈತ್ರಿ” ಎನ್ನುತ್ತಿದ್ದರು. ಅದು ಯಾವ ಸ್ವರ, ಎಷ್ಟು ಇಳಿಸಬೇಕು ಎಂದು ಪತ್ತಾರರು ತಮ್ಮ ಅನುಭವದಿಂದ ಊಹಿಸಬೇಕು. ಅವರು ಇಳಿಸಿದ್ದು ಸಾಲದೆ ಆಕೆ “ಇನ್ನೂ” ಎನ್ನುವರು. “ಇನ್ನೂ ಇಳಿಸಿದ್ರ ಸತ್ತ ಹೋಗತೈತಿ!” ಎಂದು ಇವರು ರೇಗುವರು. ಎರಡು ಸಲ ಎದ್ದುಹೋಗಿ ರಸ್ತೆಯ ಆಚೆ ನಿಂತರು. ಎರಡು ಸಲವೂ ತಿರುಗಿ ಬಂದರು. ಸಂಜೆಯ ಹೊತ್ತಿಗೆ ನಾನು ಕೂಗುವುದು ನಿಂತಿತ್ತು. ಎಷ್ಟೋ ದಿನದ ಮೇಲೆ ನನ್ನ ತಂತಿ ತಣ್ಣಗಿತ್ತು.

ಮರುದಿನ ಶೈಲಜಾ ಅವರ ಕಾರನ್ನು ಹಾಗೇ ಇಬ್ಬರೂ ಕೂಡಿ ಸರಿಮಾಡಿದರು. ಆಕೆ ಒಂದು ಸುತ್ತು ಓಡಿಸಿಕೊಂಡು ಬಂದು, ಇಳಿಯದೆ ಹಾಡು ಮುಗಿಯುವವರೆಗೂ ಒಳಗೇ ಕುಳಿತಿದ್ದರು. ಆಮೇಲೆ ಪತ್ತಾರರಿಗೆ ಕೈ ಮುಗಿದರು. ಪತ್ತಾರರು ಅಲ್ಲಿಗೇ ಮಾತು ಮುಗಿಸಬಹುದಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಬಿಚ್ಚಿ ಮಾಡುತ್ತ ಹೇಳಿದರು:

“ಮೇಡಂ, ಅವತ್ತ ನಿಮ್ಮ ಕಿವಿ ಸರಿ ಇತ್ತು. ನನಗ ಮ್ಯಾಲಿನ ಸ್ವರ ಕೇಳೂದಿಲ್ಲರಿ. ಈಕಿ ಕೇಳಿ ಹೇಳ್ತಾಳ, ನಾ ಮಾಡ್ತೀನಿ.”

ಸುದ್ದಿ ಊರಲ್ಲಿ ಹರಡಿತು. ಕೆಲವರು ಕಿವಿ ಕೇಳದವರ ಹತ್ತಿರ ಯಾಕೆ ಎಂದು ಬೇರೆ ಅಂಗಡಿಗೆ ಹೋದರು. ಹೆಚ್ಚಿನವರು ಇಲ್ಲಿಗೇ ಬಂದರು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಬಂತು. ಗದ್ದಲದ ಕೆಲಸವನ್ನು ಪತ್ತಾರರು ನಿಲ್ಲಿಸಿಬಿಟ್ಟರು. ಮುಂದಿನ ಸ್ಪರ್ಧೆಗೆ ಬೆಳಗಾವಿಗೆ ಹೋದಾಗ ಕಡಂಬಿಯವರು ನನ್ನ ಪಕ್ಕ ಕಿವಿ ಸರಿಸದೆ ಕುಳಿತು ಎಲ್ಲ ಹಾಡೂ ಕೇಳಿದರು. ನಮಗೆ ಬಂದದ್ದು ಮೂರನೆಯ ಬಹುಮಾನ. ಪತ್ತಾರರು ಕೊನೆಯವರೆಗೂ ನಿಂತು, ಗೆದ್ದವನ ಕಾರಿನಲ್ಲಿ ಸುಲೋಚನಾ ಅವರನ್ನು ಕೂಡಿಸಿ, ಅಲ್ಲಿ ಏನು ಬೇರೆಯಿದೆ ಎಂದು ಕೇಳಿ ತಿಳಿದುಕೊಂಡರು.

ಕಾರಿಗೆ ವಯಸ್ಸಾಯಿತು. ಗೋವಾಕ್ಕೆ ಬಾಡಿಗೆ ಓಡಿಸುವ ಇಮಾಮಸಾಬ ನದಾಫ ಎಂಬ ಚಾಲಕರು ನಮ್ಮ ಸಮೇತ ಅದನ್ನು ಕೊಂಡರು. ಅವರು ಒಳ್ಳೆಯ ಮನುಷ್ಯ. ಪ್ರಯಾಣಿಕರು ಮಲಗಿದರೆ ಹಾಡನ್ನು ತಾವಾಗಿ ತಗ್ಗಿಸುತ್ತಿದ್ದರು. ಘಟ್ಟ ಇಳಿಯುವಾಗ ತಾವೂ ಹಾಡುತ್ತಿದ್ದರು, ಶ್ರುತಿ ಮಾತ್ರ ಸಿಗುತ್ತಿರಲಿಲ್ಲ. ಸಮುದ್ರದ ಉಪ್ಪುಗಾಳಿ ನಮಗೆ ಒಗ್ಗಲಿಲ್ಲ. ಒಂದು ಮಳೆಗಾಲ ಗಾಜಿನ ಸಂದಿಯಿಂದ ನೀರು ಇಳಿದು ಎಡಗಡೆಯ ಜೊತೆಗಾರ ಮೌನವಾದ. ಹುಟ್ಟಿದಂದಿನಿಂದ ಒಟ್ಟಿಗೆ ನುಡಿದವರು ನಾವು. ಆ ಬದಿಯ ಖಾಲಿತನಕ್ಕೆ ನನಗೆ ಕೊನೆಗೂ ರೂಢಿಯಾಗಲಿಲ್ಲ.

ಇಮಾಮಸಾಬರು ಕಾರನ್ನು ಗೋಕುಲ ರಸ್ತೆಗೆ ತಂದರು. ಪತ್ತಾರರ ಕೂದಲು ಪೂರ್ತಿ ಬಿಳಿಯಾಗಿತ್ತು, ಕಿವಿಯ ಹಿಂದೆ ಒಂದು ಸಣ್ಣ ಯಂತ್ರವಿತ್ತು. ಅದು ಮಾತು ಕೇಳುವುದಕ್ಕಷ್ಟೇ, ಸ್ವರ ನೋಡುವುದಕ್ಕೆ ಸುಲೋಚನಾ ಅವರೇ ಬೇಕು. ಹೊಸ ಜೋಡಿ ಹಾಕುವುದೆಂದಾಯಿತು. ಪತ್ತಾರರು ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಎರಡು ತಂತಿ ಹಚ್ಚಿದರು. ಸುಲೋಚನಾ ಬಗ್ಗಿ ಕೇಳಿದರು. ನಾನು ನುಡಿದೆ. ತೀರ ಮೇಲಿನ ಸ್ವರಕ್ಕೆ ಹೋದಾಗ ನನ್ನ ರೇಷ್ಮೆ ಅಲುಗಲಿಲ್ಲ. ಅದು ಗಡುಸಾಗಿಬಿಟ್ಟಿತ್ತು.

“ಇದ್ರದು ಮ್ಯಾಲಿನ ಸ್ವರ ಹೋಗೇತ್ರಿ. ಉಳದದ್ದು ಚಲೋ ಐತಿ.”

ಪತ್ತಾರರು ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡು ಒಂದು ಗಳಿಗೆ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. ಕಿವಿಯ ವಿಷಯಕ್ಕೆ ಅವರು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ನನ್ನ ಹಂಗ ಆತಲ್ಲ ಇದು! ಇರ್ಲಿ, ಒಗೀಬ್ಯಾಡ. ರೇಡಿಯೋಕ್ಕ ಹಚ್ಚೂಣು.”

ಈಗ ನಾನು ಅಂಗಡಿಯ ಗೋಡೆಯ ಮೇಲಿನ ಹಳೆಯ ಮರದ ಪೆಟ್ಟಿಗೆಯಲ್ಲಿದ್ದೇನೆ. ಕೆಳಗೆ ಒಂದು ಹಳೆಯ ದೊಡ್ಡ ಸ್ಪೀಕರು ಇದೆ, ನಾವಿಬ್ಬರೂ ಹೊಂದಿಕೊಂಡಿದ್ದೇವೆ. ಬೆಳಿಗ್ಗೆ ವಾರ್ತೆ, ಆಮೇಲೆ ಹಾಡು. ಇಲ್ಲಿ ಯಾರೂ ಕಣ್ಣು ಮುಚ್ಚಿ ನನ್ನನ್ನು ಪರೀಕ್ಷಿಸುವುದಿಲ್ಲ. ನನಗೆ ಎಟುಕುವ ಸ್ವರಗಳನ್ನು ನಾನು ನುಡಿಯುತ್ತೇನೆ, ಎಟುಕದವನ್ನು ಬಿಟ್ಟುಬಿಡುತ್ತೇನೆ. ಹಾಡು ಹಾಡಾಗಿಯೇ ಉಳಿಯುತ್ತದೆ. ಕೆಳಗೆ ಪತ್ತಾರರು ಬೆಸುಗೆ ಹಾಕುತ್ತ, ಸುಲೋಚನಾ ತಂತಿ ಸುತ್ತುತ್ತ, ಒಂದೊಂದು ಸಾಲಿಗೆ ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಾರೆ.