ತಲೆದೆಸೆಗೆ ಇಡುವ ಮೀನು

ರಂಜಿತಾ ಹಿತ್ತಲ ಬಾಗಿಲು ತಳ್ಳಿದಳು. ಒಳಗಿನಿಂದ ಯಾರೋ ಮತ್ತೆ ಮುಚ್ಚಿ ಚಿಲಕ ಹಾಕಿಬಿಟ್ಟರು.

"ಏಳು ತಿಂಗಳ ಬಸುರಿ ಕಣವ್ವ ನೀನು, ಎಣದ ಮುಂದಕ್ಕೆ ಬರಂಗಿಲ್ಲ," ಪಕ್ಕದ ಮನೆಯ ಕಾಳಮ್ಮ ಕಿಟಕಿಯಿಂದಲೇ ಗದರಿದಳು. "ಅಲ್ಲೇ ಕುಂತ್ಕೊ."

"ಒಂದೇ ಒಂದ್ಕಿತ ಮಕ ನೋಡ್ಕತೀನಿ, ದೊಡ್ಡವ್ವ."

"ನೋಡ್ಬಾರ್ದು ಅಂದ್ರೆ ನೋಡ್ಬಾರ್ದು."

ಕೂರುವುದೆಲ್ಲಿ ಬಂತು! ಬಟ್ಟೆ ಒಗೆಯುವ ಕಲ್ಲಿನಿಂದ ನುಗ್ಗೆಮರಕ್ಕೆ, ನುಗ್ಗೆಮರದಿಂದ ಕಲ್ಲಿಗೆ ಓಡಾಡಿದ್ದೇ ಓಡಾಡಿದ್ದು. ಬೆಳಗಿನ ವ್ಯಾಪಾರ ಮುಗಿಸಿ ಬಂದ ಅತ್ತೆ ಪುಟ್ಟತಾಯಮ್ಮ ಹಿತ್ತಲಲ್ಲಿ ಮೀನಿನ ಡಬ್ಬ ಇಳಿಸಿ, ಎದೆ ಹಿಡಿದುಕೊಂಡು ಕೂತವಳು ಏಳಲೇ ಇಲ್ಲ. ಹೊಳೆನರಸೀಪುರದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಸಮುದ್ರದ ಮೀನು ಮಾರಿದ ಗಟ್ಟಿಗಿತ್ತಿ. ಅವಳ ಜೊತೆ ರಂಜಿತಾ ಮಾತು ಬಿಟ್ಟು ಇವತ್ತಿಗೆ ಹನ್ನೆರಡು ದಿನ. ತಪ್ಪಾಯ್ತು ಎಂದು ಒಂದು ಮಾತು ಹೇಳಬೇಕಿತ್ತು. ಈಗ ಮುಖ ನೋಡುವುದಕ್ಕೂ ಬಿಡುತ್ತಿಲ್ಲ.

*

ಹನ್ನೆರಡು ದಿನದ ಹಿಂದೆ ತಪಾಸಣೆಗೆ ಹೋದಾಗ ನರ್ಸು, ಊಟಕ್ಕೆ ಏನು ತಿನ್ನುತ್ತೀಯ ಎಂದು ಕೇಳಿದ್ದಳು. ವಾರವೆಲ್ಲ ಅಂಜಲ್ ಮೀನು ಎಂದು ರಂಜಿತಾ ಹೇಳಿದಾಗ ನರ್ಸು ಹೌಹಾರಿದಳು. ಅಂಜಲಿನಂಥ ದೊಡ್ಡ ಮೀನು ಸಣ್ಣವನ್ನು ತಿಂದು ತಿಂದು ಮೈಯಲ್ಲಿ ಪಾದರಸ ಕೂಡಿಹಾಕಿಕೊಂಡಿರುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಒಳ್ಳೆಯದಲ್ಲ ಎಂದಳು. ಇನ್ನೂ ಏನೋ ಹೇಳುತ್ತಿದ್ದಳು. ರಂಜಿತಾ ಹೆದರಿ, ಅಷ್ಟನ್ನೇ ಕಟ್ಟಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅತ್ತೆ ಅಂಜಲಿನ ನಡುತುಂಡನ್ನೇ ಬಡಿಸಿದಳು. ಗಿರಾಕಿಗಳು ಎಷ್ಟು ಗೋಗರೆದರೂ ಕೊಡದೆ ಸೊಸೆಗೆಂದೇ ಎತ್ತಿಟ್ಟ ತುಂಡು. ತನಗೆ ಮಾತ್ರ ತಲೆ, ಬಾಲ.

"ತಿನ್ನವ್ವ, ಮಗ ಗಟ್ಟಿಮುಟ್ಟಾಗ್ ಉಟ್ಲಿ."

"ಬ್ಯಾಡ ಅತ್ತೆ! ನಿಮ್ ಮೀನಲ್ಲಿ ಇಸ ಐತಂತೆ. ನನ್ ಮಗೀನ ಕೊಲ್ಬೇಕು ಅಂತ ಮಾಡಿದ್ದೀರಾ?" ರಂಜಿತಾ ತಟ್ಟೆ ತಳ್ಳಿದಳು.

"ಇದೇ ಮೀನು ತಿಂದೇ ನಿನ್ ಗಂಡ ಬೆಳೆದಿದ್ದು ಕಣಮ್ಮಿ," ಎಂದಳು ಅತ್ತೆ. ಅಷ್ಟೇ. ಆಮೇಲೆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ.

*

"ಒತ್ತಾಯ್ತು, ಬಿರ್ರನೆ," ಎನ್ನುತ್ತ ಪುಟ್ಟತಾಯಮ್ಮನ ತಮ್ಮ ಶಿವಯ್ಯ ಹಿತ್ತಲಿಗೆ ಬಂದ. "ಗುಂಡಿ ತಾವ ಎಲ್ಲ ಕಾಯ್ತಾವ್ರೆ. ಒಂದು ತುಂಡು ಅಂಜಲ್ ಕೊಡವ್ವ. ಅಕ್ಕಂಗೆ ಅದಂದ್ರೆ ಪ್ರಾಣ."

ಸತ್ತವರಿಗೆ ಇಷ್ಟವಾದದ್ದನ್ನು ಗುಂಡಿಯಲ್ಲಿ ತಲೆದೆಸೆಗೆ ಇಡುವುದು ಅವರ ಮನೆತನದ ರೂಢಿ. ಪುಟ್ಟತಾಯಮ್ಮನ ಗಂಡ ಸತ್ತಾಗ ಬೀಡಿಕಟ್ಟು ಇಟ್ಟಿದ್ದರು.

ಕಿಟಕಿಯಲ್ಲಿದ್ದ ಕಾಳಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಮೊನ್ನೆ ನಿಮ್ಮಕ್ಕ ವ್ಯಾಪಾರ ಬಿಟ್ಟು ಆ ನರ್ಸಮ್ಮನ್ನ ಅಡ್ಡ ಆಕ್ಕೊಂಡು ನಿಂತಿದ್ಲು ಕಣಪ್ಪ. ಸಣ್ ಮೀನಾದ್ರೆ ಬಸುರೀರು ತಿನ್ಬೋದಾ ಅಂತ ಕೇಳ್ತಿದ್ಲು. ತಿನ್ಬೋದು ಅಂದ್ರು ನರ್ಸಮ್ಮ. ಯಾಕವ್ವಾ ಅಂತ ನಾ ಕೇಳುದ್ರೆ, ನಿಂಗ್ಯಾಕೆ ಓಗು ಅಂದ್ಬುಟ್ಲು ನಿಮ್ಮಕ್ಕ."

ರಂಜಿತಾ ಗೋಡೆಯ ಪಕ್ಕದಲ್ಲಿದ್ದ ಡಬ್ಬದ ಮುಚ್ಚಳ ತೆಗೆದಳು. ಮೇಲೆ ಮೊಳದುದ್ದದ ಅಂಜಲ್. ಅದನ್ನೆತ್ತಿ ಕಲ್ಲಿನ ಮೇಲಿಟ್ಟು ಐಸ್ ಸರಿಸಿದರೆ, ಮೂಲೆಯಲ್ಲಿ ಬಾಳೆಎಲೆಯ ಪೊಟ್ಟಣ. ಬಿಚ್ಚಿದಳು. ಬೆರಳುದ್ದದ ಬೂತಾಯಿ, ಹತ್ತು. ಬೂತಾಯಿ ಬೆಕ್ಕಿಗೆ ಹಾಕುವ ಮೀನು ಎಂದು ಹೀಗಳೆಯುತ್ತಿದ್ದ ಅತ್ತೆ ಒಂದು ದಿನವೂ ಮನೆಗೆ ತಂದವಳಲ್ಲ. ಈಗ ತಲೆ ತೆಗೆದು, ಕರುಳು ಕಿತ್ತು, ತೊಳೆದು ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದಳು.

"ಅತ್ತೆ..." ರಂಜಿತಾ ಗೋಳೋ ಎಂದು ಅತ್ತಳು.

ಶಿವಯ್ಯ ಕತ್ತಿ ಎತ್ತಿಕೊಂಡ. "ಅಂಜಲ್ ನಾನೇ ಕುಯ್ಕತೀನಿ ಬಿಡು."

"ಅದು ಬ್ಯಾಡ, ಮಾವ." ಅವಳು ಎಲೆಯನ್ನು ಎರಡಾಗಿ ಸೀಳಿ, ಐದು ಬೂತಾಯಿ ಸುತ್ತಿ ಅವನ ಕೈಗಿಟ್ಟಳು. "ಇದನ್ನ ಇಡಿ."

"ಅಯ್ಯೋ, ಅಕ್ಕಂಗೆ ಬೂತಾಯಾ? ಜನ ಏನಂದಾರು?"

"ತಲೆ, ಬಾಲ ತಿಂದಿದ್ದು ಸಾಕು. ಅಂಜಲ್ ಅತ್ತೆಗೂ ಬ್ಯಾಡ, ನಂಗಂತ ತಂದಿದ್ರಲ್ಲಿ ಅರ್ಧ ಅವ್ರೂ ತಿನ್ಲಿ."

ಮುಂಬಾಗಿಲಲ್ಲಿ ತಮಟೆ ಶುರುವಾಯಿತು. ಶಿವಯ್ಯ ಪೊಟ್ಟಣ ಹಿಡಿದು ಓಡಿದ. ರಂಜಿತಾ ಉಳಿದ ಐದನ್ನು ಮತ್ತೆ ಐಸಿನಡಿ ಇಟ್ಟಳು. ತಮಟೆಯ ಸದ್ದು ಹೊಳೆಯ ಕಡೆ ದೂರವಾಗುವವರೆಗೂ ಡಬ್ಬದ ಮುಚ್ಚಳದ ಮೇಲೆ ಎರಡೂ ಕೈ ಊರಿ ಕೂತಳು. ಒಗೆಯುವ ಕಲ್ಲಿನ ಮೇಲೆ ಅಂಜಲ್ ಹಾಗೇ ಬಿದ್ದಿತ್ತು, ನೊಣ ಮುತ್ತಿಕೊಂಡು.