ಎರಡನೆಯ ಹಲ್ಲು

ಬಾಗಿಲು ಒದ್ದು ಒಳಬಂದ ಬಾಮೈದ ನನ್ನ ಕೊರಳಪಟ್ಟಿ ಹಿಡಿದು ಮುಖವನ್ನು ಮೇಜಿಗೆ ಬಡಿದ. ಮುಂದಿನ ಹಲ್ಲೊಂದು ಮುರಿದು ಕೀಬೋರ್ಡಿನ ಮೇಲೆ ಬಿತ್ತು.

"ಇದೇನು ನಿಮ್ಮಪ್ಪನ ಮಷೀನಾ? ಭಾವ ಅಂತ ಇಷ್ಟು ದಿನ ಸುಮ್ನಿದ್ದೆ."

ಬಾಮೈದನೂ ಸೇರಿ ನಮ್ಮ ಪ್ರಯೋಗಾಲಯದವರೆಲ್ಲ ಲಾಗಿನ್ ಆಗುವ ಯಂತ್ರ ಒಂದೇ. ಯಾವನಾದರೂ ಅದರಲ್ಲಿ ಇತಿಮಿತಿಯಿಲ್ಲದೆ ಪ್ರೋಗ್ರಾಮುಗಳನ್ನು ಯಂತ್ರಭಾಷೆಗಿಳಿಸಲು, ಅಂದರೆ ಕಂಪೈಲ್ ಮಾಡಲು, ಕೂತರೆ ಎಲ್ಲರ ಪರದೆಯೂ ಕಲ್ಲಾಗಿ ಕೂರುತ್ತದೆ. ಹಿಂದೊಮ್ಮೆ ಆ ತಪ್ಪು ಮಾಡಿದವನು ನಾನೇ. ಹಾಗಾಗಿ ಇವತ್ತು ಪರದೆ ನಿಂತಾಗ ಈ ಮಹಾನುಭಾವ ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದ.

ಅಷ್ಟರಲ್ಲಿ ಪರದೆಗೆ ಜೀವ ಬಂತು. ಯಾರ ಕಂಪೈಲನ್ನು ನಿಲ್ಲಿಸಬೇಕಾಯಿತು ಎಂದು ಯಂತ್ರ ನೋಡಿಕೊಳ್ಳುವ ಆಪರೇಟರ್ ಎಲ್ಲರಿಗೂ ಸೂಚನೆ ಕಳಿಸಿದ್ದ. ಅದರಲ್ಲಿದ್ದದ್ದು ಬಾಮೈದನ ಹೆಸರು. ಒಂದು ಸಲಕ್ಕೆ ಎಷ್ಟು ಫೈಲು ಎಂಬ ಸಂಖ್ಯೆ ಕೊಡುವುದನ್ನೇ ಮರೆತು, ಸಾವಿರಾರು ಫೈಲುಗಳನ್ನು ಒಟ್ಟಿಗೇ ಕಂಪೈಲರ್ ಬಾಯಿಗೆ ತುರುಕಿ, ನನ್ನನ್ನು ಹೊಡೆಯಲು ಬಂದಿದ್ದ.

ಅವನೂ ಓದಿದ. ಕೊರಳಪಟ್ಟಿ ಹಿಡಿದ ಕೈ ಸಡಿಲವಾಯಿತು.

ನಾನು ರಕ್ತ ಉಗುಳಿ, "ಹೋಗ್ಲಿ ಬಿಡು, ನಿಮ್ಮಕ್ಕಂಗೆ ಹೇಳಲ್ಲ" ಎಂದೆ.

ಎರಡನೆಯ ಹಲ್ಲು ಹೋದದ್ದು ಆಗ.