ಅಕ್ಕನ ಟ್ರ್ಯಾಕ್ಟರಿನ ಹಿಂದಿದ್ದ ಡ್ರಮ್ಮು

ನಾನು ಸುನಂದಮ್ಮ, ಕಂಪಲಾಪುರದ ಕಡೆಯವಳು. ಮುಚ್ಚುಮರೆ ಯಾಕೆ, ನಮ್ಮ ಯಜಮಾನರ ಅಣ್ಣನ ಹೆಂಡತಿ, ನಾನು ಅಕ್ಕ ಅನ್ನುವ ಓರಗಿತ್ತಿ ಪುಟ್ಟಸಿದ್ದಮ್ಮನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಹೊಗೆಸೊಪ್ಪು ಬೆಳೆಯುವವರಿಗೆ ನಮ್ಮ ಕಷ್ಟ ಗೊತ್ತು. ಸೊಪ್ಪು ಮುರಿಯುವ ಹೊತ್ತಿಗೆ ಅದನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಬಾಗಿಲಲ್ಲಿ ಸೌದೆ ಬಿದ್ದಿರಬೇಕು. ನೀಲಗಿರಿ ದಿಮ್ಮಿ ಹೊರಲು ಆಳುಗಳು ಸಿಗುವುದಿಲ್ಲ. ನಮ್ಮದು ಇಪ್ಪತ್ತೈದು ವರ್ಷದ ಹಳೇ ಟ್ರ್ಯಾಕ್ಟರ್. ಅದರ ಮುಂದೆ ಭಾರ ಎತ್ತುವ ಕಬ್ಬಿಣದ ತೋಳು, ಅಂದರೆ ಲೋಡರ್, ಅದಕ್ಕೆ ಗೊಬ್ಬರ ತುಂಬುವ ಬಕೆಟ್ ಇದೆ. ಬಕೆಟ್ಟಿಗೆ ದಿಮ್ಮಿ ಹಾಕಿದರೆ ಉರುಳಿ ಹೋಗುತ್ತದೆ.

ಪಕ್ಕದ ಹೊಲದಲ್ಲಿ ನೋಡಿದರೆ ಅಕ್ಕ! ಬಾವ ಬೈಕಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಟ್ರ್ಯಾಕ್ಟರ್ ಓಡಿಸಲು ಕಲಿತವಳು. ಹೊಸ ಟ್ರ್ಯಾಕ್ಟರಿನ ಮುಂದೆ ಗ್ರ್ಯಾಬರ್ ಹಾಕಿಸಿದ್ದಳು. ಅದು ಮೊಸಳೆಯಂತೆ ಬಾಯಿ ಮುಚ್ಚಿ ಮೂರು ದಿಮ್ಮಿಯನ್ನು ಒಟ್ಟಿಗೇ ಎತ್ತುತ್ತಿತ್ತು. ಹಿಂದೆ ಒಂದು ಡ್ರಮ್ಮು ಕಟ್ಟಿಕೊಂಡು ಓಡಾಡುತ್ತಿದ್ದಳು. ನೀರಿನ ಡ್ರಮ್ಮು ಅಂದುಕೊಂಡಿದ್ದೆ. ಊರವರು "ಪುಟ್ಟಸಿದ್ದಮ್ಮ ಗಟ್ಟಿಗಿತ್ತಿ ಕಣ್ರೀ" ಅಂದಾಗಲೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ.

"ರೀ, ನಮ್ಗೂ ಅಂತದೇ ಬೇಕು," ಎಂದು ನಮ್ಮ ಯಜಮಾನರಾದ ಚೆಲುವರಾಜುಗೆ ಗಂಟುಬಿದ್ದೆ.

"ನಮ್ದು ಮುದ್ಕ ಟ್ರ್ಯಾಕ್ಟ್ರು ಕಣೇ. ತಡೀತದಾ?"

"ಅವ್ರದ್ದು ತಡೀತದೆ, ನಮ್ದು ತಡಿಯಕಿಲ್ವಾ? ಅವ್ಳ ಮುಂದೆ ನಾನು ತಲೆ ತಗ್ಗುಸ್ಬೇಕಾ?"

ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಅವರು ಹುಣಸೂರಿನಿಂದ ಒಂದು ಹಳೇ ಗ್ರ್ಯಾಬರ್ ತಂದರು, ಸರಿಹೋಗದಿದ್ದರೆ ವಾಪಸ್ ಎಂಬ ಮಾತಿನ ಮೇಲೆ. ಅದರ ಬಾಯಿ ಮುಚ್ಚಿಸಲು ಬೇರೆ ಆಯಿಲ್ ಪೈಪು ಬೇಕಂತೆ, ನಮ್ಮ ಟ್ರ್ಯಾಕ್ಟರಿನಲ್ಲಿ ಅದಿಲ್ಲ. ಬಕೆಟ್ ಬಿಚ್ಚಿ ಗ್ರ್ಯಾಬರ್ ಕೂರಿಸಿ, ಹಗ್ಗದಲ್ಲಿ ಬಾಯಿ ಕಟ್ಟಿದೆವು. ಏನು ಬುದ್ಧಿಯೋ ನಮ್ಮದು!

ಅಷ್ಟರಲ್ಲಿ ಅಕ್ಕ ಬದು ಹತ್ತಿ ಬಂದಳು. "ಸುನಂದ, ಬ್ಯಾಡ ಕಣವ್ವ. ಈ ಗಾಡಿಗೆ ಇದು ಆಗಕಿಲ್ಲ."

"ನಮ್ಗೂ ಬಂತು ಅಂತ ನಿಂಗೆ ಹೊಟ್ಟೆಕಿಚ್ಚಾ ಅಕ್ಕ?" ಅಂದುಬಿಟ್ಟೆ. ಹೊಟ್ಟೆಕಿಚ್ಚು ಯಾರದ್ದು, ಹೇಳಿದ್ದು ಯಾರಿಗೆ!

ಯಜಮಾನರು ದೊಡ್ಡ ದಿಮ್ಮಿಯೊಂದನ್ನು ಎತ್ತಿದರು. ಅದು ಎದೆಮಟ್ಟಕ್ಕೆ ಬರುವಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನೆಲ ಬಿಟ್ಟು ಒಂದು ಗೇಣು ಮೇಲೆದ್ದವು. ಗಾಡಿ ಪಕ್ಕಕ್ಕೆ ವಾಲಿತು.

"ಚೆಲುವಾ, ಗಾಬ್ರಿ ಬೀಳ್ಬ್ಯಾಡ! ತಿರುಗಿಸ್ಬ್ಯಾಡ! ಮೆಲ್ಲಗೆ ಇಳ್ಸು!" ಅಕ್ಕ ಕೂಗಿದಳು.

ದಿಮ್ಮಿ ಇಳಿಯಿತು. ಚಕ್ರ ದಢಾರನೆ ನೆಲಕ್ಕೆ ಬಿತ್ತು. ಯಜಮಾನರು ಕೆಳಗಿಳಿದು ಅಲ್ಲೇ ಮಣ್ಣಿನ ಮೇಲೆ ಕುಳಿತರು. ನಾನು ಗೊಳೋ ಎಂದು ಅತ್ತೆ.

ಅಕ್ಕ ನನ್ನ ಪಕ್ಕ ಕೂತಳು. "ನಿಮ್ಮ ಬಾವ ಬೈಕಿಂದ ಬಿದ್ರು ಅಂತ ಊರಿಗೆಲ್ಲ ಹೇಳಿದ್ವಲ್ಲ, ಅದು ಸುಳ್ಳು ಕಣೆ. ಹಳೇ ಟ್ರ್ಯಾಕ್ಟ್ರಲ್ಲಿ ಇಂಗೇ ದಿಮ್ಮಿ ಎತ್ತಕ್ಕೋಗಿ, ಅದು ಲೋಡರ್ ಮೇಲಿಂದ ಉಳ್ಳಿ ಕಾಲ್ಮೇಲೆ ಬಿತ್ತು. ನಾಚ್ಕೆ ಆಗಿ ಯಾರ್ಗೂ ಹೇಳ್ಲಿಲ್ಲ. ಹೇಳಿದ್ದಿದ್ರೆ ಇವತ್ತು ನೀನು ಇದ್ನ ತರ್ತಿರ್ಲಿಲ್ಲ."

ನನಗೆ ಮುಖ ಎತ್ತಲಾಗಲಿಲ್ಲ.

"ಈಗೇನ್ ಮಾಡದು ಅತ್ಗೆ? ಸೊಪ್ಪು ಹಣ್ಣಾಗ್ತಾ ಅದೆ," ಎಂದರು ಯಜಮಾನರು.

"ಗ್ರ್ಯಾಬರೇ ಒಂದು ದಿಮ್ಮಿ ತೂಕ ಅದೆ. ನಿನ್ ಲೋಡರ್ ಎತ್ತೋ ತಾಕತ್ತಲ್ಲಿ ಅರ್ಧ ಅದೇ ತಿಂದಾಕ್ತದೆ. ನಿಂಗೆ ಎರಡು ಕಬ್ಬಿಣದ ಕೈ ಇರೋ ಫೋರ್ಕ್ ಸಾಕು. ಹಗುರ, ಬೇರೆ ಪೈಪೂ ಬ್ಯಾಡ. ದಿಮ್ಮಿ ನಿನ್ ಕಡೆ ಉಳ್ಳದಂಗೆ ಫೋರ್ಕ್ ಹಿಂದ್ಗಡೆ ಎತ್ರದ ಕಂಬಿ ಹಾಕ್ಸು, ಚೈನಲ್ಲಿ ಬಿಗಿ. ದಿಮ್ಮಿನ ತುಂಡು ಮಾಡು. ನೆಲದಿಂದ ಮೊಣಕಾಲಿಗಿಂತ ಮೇಲೆ ಎತ್ಕೊಂಡು ಓಡಿಸ್ಬ್ಯಾಡ."

"ನಿನ್ ಗಾಡಿ ಹಿಂದೆ ಯಾಕೆ ಏಳಕಿಲ್ಲ?" ಅಂದೆ ಮೂಗು ಒರೆಸುತ್ತಾ.

ಅಕ್ಕ ನಕ್ಕಳು. "ಹಿಂದಿರೋ ಡ್ರಮ್ಮು ನೋಡ್ಲಿಲ್ವಾ? ಅದ್ರ ತುಂಬ ಕಾಂಕ್ರೀಟು. ಮುಂದೆ ಭಾರ ಎತ್ತಬೇಕಾದ್ರೆ ಹಿಂದೆ ಭಾರ ಇರ್ಬೇಕು ಕಣೆ."

ನೋಡಿದ್ದೆ. ಒಂದು ತಿಂಗಳು ದಿನಾ ನೋಡಿದ್ದೆ. ನನ್ನ ಕಣ್ಣೆಲ್ಲ ಮುಂದಿನ ಗ್ರ್ಯಾಬರಿನ ಮೇಲೆಯೇ ಇತ್ತು.

ಗ್ರ್ಯಾಬರ್ ವಾಪಸ್ ಕೊಟ್ಟೆವು. ಹುಣಸೂರಿನ ಮೆಕ್ಯಾನಿಕ್ ದೇವಯ್ಯ ನಮ್ಮ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಪರೀಕ್ಷಿಸಿ, ಎಷ್ಟು ಭಾರ ತಡೆಯುತ್ತದೆ ಎಂದು ಹೇಳಿ, ಅದಕ್ಕೆ ತಕ್ಕ ಫೋರ್ಕ್ ಕೂರಿಸಿಕೊಟ್ಟ. ಹಿಂದಿನ ಡ್ರಮ್ಮಿಗೆ ಕಾಂಕ್ರೀಟು ಕಲೆಸಿದವಳು ಅಕ್ಕನೇ. ಅವಳ ಬ್ಯಾರನ್ ಒಲೆ ಮೊದಲು ಹೊತ್ತಿತು, ನಮ್ಮದು ಎರಡು ದಿನ ತಡವಾಗಿ. ಆಗಲೂ ನನಗೆ ಒಂಚೂರು ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಂಜೆ ಬಾವ ಕೋಲೂರಿಕೊಂಡು ನಮ್ಮ ಬ್ಯಾರನ್ ನೋಡಲು ಬಂದರು. ಅವರ ಪಕ್ಕದಲ್ಲಿ ನಮ್ಮ ಯಜಮಾನರು ಎರಡು ಕಾಲ ಮೇಲೆ ನೆಟ್ಟಗೆ ನಡೆದು ಬರುತ್ತಿದ್ದರು. ಆ ಉರಿ ಅಲ್ಲೇ ಆರಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪಕ್ಕದವರ ಗಾಡಿಗೆ ಹಾಕಿದ್ದು ನಿಮ್ಮ ಗಾಡಿಗೂ ಆಗುತ್ತದೆ ಅಂದುಕೊಳ್ಳಬೇಡಿ. ಕೊಳ್ಳುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಅದರ ತೂಕ ಕೇಳಿ. ಹಿಂದೆ ಭಾರ ಕಟ್ಟದೆ ಮುಂದೆ ದಿಮ್ಮಿ ಎತ್ತಬೇಡಿ. ಎತ್ತುವಾಗ ಹತ್ತಿರ ಯಾರನ್ನೂ ನಿಲ್ಲಿಸಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ ನಾಚಿಕೆ ಬಿಟ್ಟು ನಾಲ್ಕು ಜನಕ್ಕೆ ಹೇಳಿ. ನಮ್ಮ ಅಕ್ಕ ಅವತ್ತು ಕೂಗಿ ಎಚ್ಚರಿಸಿ, ಆಮೇಲೆ ನಾಚಿಕೆ ಬಿಟ್ಟು ನಿಜ ಹೇಳಿದ್ದಕ್ಕೆ ನನ್ನ ಗಂಡ ಇವತ್ತು ನಡೆದುಕೊಂಡು ಮನೆಗೆ ಬರುತ್ತಿದ್ದಾರೆ.